ಹೆಚ್ಚಿದ ಬಳೆಯ ಮರ

ಬಾನುಲಿಯಲ್ಲಿ ಬಣ್ಣದ ಬಗ್ಗೆ ಮಾತಾಡಬೇಕು ಎಂದಾಗ ನನಗೆ ಮೊದಲು ನೆನಪಾದದ್ದು ಸೀರೆ ಅಂಗಡಿ. ಅಲ್ಲಿ ಬರಿದೇ ಕೆಂಪು ಎಂದರೆ ಯಾರೂ ಸೀರೆ ತೆಗೆದು ತೋರಿಸುವುದಿಲ್ಲ. ದಾಳಿಂಬೆ ಕೆಂಪೋ, ಕುಂಕುಮ ಕೆಂಪೋ, ಇಟ್ಟಿಗೆ ಕೆಂಪೋ ಎಂಬ ಮರುಪ್ರಶ್ನೆ ಬರುತ್ತದೆ. ಹಸಿರೆಂದರೆ ಗಿಳಿ ಹಸಿರು, ರಾಮ ಹಸಿರು, ಎಲೆ ಹಸಿರು. ನೀಲಿಯಲ್ಲಿ ಆನಂದ ನೀಲಿ ಬೇರೆ, ನವಿಲು ಕೊರಳಿನ ನೀಲಿ ಬೇರೆ. ಮತ್ತೆ ಬದನೆ ಬಣ್ಣ, ನೇರಳೆ ಬಣ್ಣ, ಮೆಂತ್ಯೆ ಬಣ್ಣ, ಈರುಳ್ಳಿ ಸಿಪ್ಪೆಯ ಬಣ್ಣ. ಹೆಸರು ಹೇಳಿದರೆ ಸಾಕು, ಕಣ್ಣು ಮುಚ್ಚಿ ಕುಳಿತವರಿಗೂ ಬಣ್ಣ ಎದುರು ಬಂದು ನಿಲ್ಲುತ್ತದೆ. ಆ ಧೈರ್ಯದ ಮೇಲೆ ಇವತ್ತು ಮಂಗಳೂರಿನ ನಮ್ಮ ಮನೆಯ ಕ್ರಿಸ್‌ಮಸ್ ಮರವನ್ನು ನಿಮಗೆ ಮಾತಿನಲ್ಲಿ ತೋರಿಸಲು ಬಂದಿದ್ದೇನೆ.

ಆ ಮರದಲ್ಲಿ ಹೊಸದಾಗಿ ಕೊಂಡು ತಂದ ಅಲಂಕಾರ ತೀರಾ ಕಡಿಮೆ. ಒಡೆದ ಬಳೆ, ಹರಿದ ಪಟ್ಟೆ ಸೀರೆಯ ಅಂಚು, ಜೋಡಿ ಕಳೆದುಕೊಂಡ ಜುಮಕಿ, ಅಂಗಿಯಿಂದ ಬಿಚ್ಚಿದ ಗುಂಡಿ, ಚಹಾ ಪೊಟ್ಟಣದೊಳಗಿನ ಬೆಳ್ಳಿ ಕಾಗದ, ಕಡಲ ಬದಿಯಲ್ಲಿ ಆಯ್ದ ಕಾಯಿ. ಇಂಥವುಗಳಿಂದಲೇ ಅದು ಮೈತುಂಬಿ ನಿಲ್ಲುತ್ತದೆ. ಸಂಜೆ ದೀಪ ಹಚ್ಚಿದಾಗ ನೋಡಿದವರು, ಎಷ್ಟು ಖರ್ಚಾಯಿತು ಎಂದು ಕೇಳುತ್ತಾರೆ. ಆ ಶ್ರೀಮಂತಿಕೆ ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಇಂದಿನ ಮಾತು.

ಕಥೆ ಶುರುವಾಗುವುದು ನನ್ನ ಅಜ್ಜಿಯಿಂದ. ಕೈಯ ಗಾಜಿನ ಬಳೆ ತಗಲಿ ಚೂರಾದರೆ ‘ಬಳೆ ಒಡೆಯಿತು’ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ‘ಬಳೆ ಹೆಚ್ಚಿತು’ ಎನ್ನುತ್ತಿದ್ದರು. ಈ ಮಾತು ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇದೆ. ಅಶುಭವನ್ನು ನಾಲಿಗೆಗೆ ತರಬಾರದು ಎಂದು ನಮ್ಮ ಹಿರಿಯ ಹೆಂಗಸರು ಮುರಿದದ್ದನ್ನು ಹೆಚ್ಚಿದ್ದು ಎಂದರು. ನಮ್ಮ ಅಜ್ಜಿ ಆ ಮಾತನ್ನು ಅಷ್ಟಕ್ಕೇ ಬಿಡಲಿಲ್ಲ. ಹೆಚ್ಚಿದ ಬಳೆಯ ಚೂರುಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಓಣಿಯವರೂ ತಂದುಕೊಡುತ್ತಿದ್ದರು. ಪಕ್ಕದ ಮನೆಯ ಕೊಂಕಣಿ ಬಾಯಮ್ಮನವರ ಕೆಂಪು ಬಳೆ, ಎದುರುಮನೆ ಅಕ್ಕನ ಸೀಮಂತದ ಹಸಿರು ಬಳೆ, ಶಾಲೆಯ ನಾಟಕಕ್ಕೆಂದು ತೊಟ್ಟ ನನ್ನ ನೀಲಿ ಬಳೆ, ಎಲ್ಲ ಆ ಡಬ್ಬಿಗೆ ಬೀಳುತ್ತಿದ್ದವು.

ಡಿಸೆಂಬರ್ ತಿಂಗಳ ಒಂದು ರಾತ್ರಿ, ಊಟ ಮುಗಿದ ಮೇಲೆ, ಅಜ್ಜಿ ಚಿಮಿಣಿ ದೀಪ ಹಚ್ಚಿಕೊಂಡು ಅಡುಗೆಮನೆಯ ನೆಲದಲ್ಲಿ ಕೂರುತ್ತಿದ್ದರು. ಬಳೆಯ ಚೂರನ್ನು ಇಕ್ಕುಳದಲ್ಲಿ ಹಿಡಿದು ಉರಿಯ ತುದಿಗೆ ಒಡ್ಡುವುದು. ಗಾಜು ಮೊದಲು ಮಸಿಯಿಂದ ಕಪ್ಪಾಗುತ್ತದೆ, ಆಮೇಲೆ ಕೆಂಡದ ಬಣ್ಣಕ್ಕೆ ತಿರುಗಿ ಬೆಲ್ಲದ ಪಾಕದ ಹಾಗೆ ಮೆತ್ತಗಾಗುತ್ತದೆ. ಆ ಕ್ಷಣದಲ್ಲಿ ಅದನ್ನು ಮೆಲ್ಲನೆ ಬಗ್ಗಿಸಿ, ಹಿಂದಿನ ಕೊಂಡಿಯೊಳಗೆ ತೂರಿಸಿ, ಎರಡು ತುದಿ ಕೂಡಿಸಬೇಕು. ಒಂದು ಉಸಿರು ತಡವಾದರೆ ಗಾಜು ಮತ್ತೆ ಬಿರುಸಾಗುತ್ತದೆ. ಹೀಗೆ ಕೊಂಡಿಗೆ ಕೊಂಡಿ ಸೇರಿ ಬಳೆಯ ಸರಪಳಿ ಉದ್ದವಾಗುತ್ತಿತ್ತು. ಈ ಕೆಲಸ ಕನ್ನಡನಾಡಿನ ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಗೊತ್ತಿತ್ತು. ಅವರು ಅದನ್ನು ಬಾಗಿಲಿಗೆ ತೋರಣವಾಗಿ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಅದು ಕ್ರಿಸ್‌ಮಸ್ ಮರವನ್ನು ಸುತ್ತುತ್ತಿತ್ತು.

ಮರವೆಂದರೆ ನಮ್ಮಲ್ಲಿ ಗಾಳಿ ಮರದ ಕೊಂಬೆ. ಘಟ್ಟದ ಮೇಲಿನ ಕೆಲವರು ಇದನ್ನು ಸರ್ವೆ ಮರ ಎನ್ನುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯಲ್ಲಿ ಜರ್ಮನ್ ನಾಡಿನ ವ್ಯುರ್ಟೆಂಬರ್ಗ್ ಕಡೆಯವರು ಬಹಳ ಮಂದಿ ಇದ್ದರು. ಚಳಿಗಾಲದಲ್ಲಿ ಕಾಡಿನಿಂದ ಫರ್ ಮರ ತಂದು ಮನೆಯೊಳಗೆ ಸಿಂಗರಿಸುವುದು ಅವರ ನಾಡಿನ ಪದ್ಧತಿ. ನಮ್ಮ ಕರಾವಳಿಯಲ್ಲಿ ಫರ್ ಎಲ್ಲಿಂದ ಬರಬೇಕು? ಕಡಲ ಬದಿಯಲ್ಲಿ ಸುಂಯ್ ಎನ್ನುವ ಗಾಳಿ ಮರವೇ ಆ ಜಾಗಕ್ಕೆ ಬಂತು. ಅದೂ ಹೊರಗಿನಿಂದ ತಂದು ನೆಟ್ಟ ಮರವೇ. ನೋಡಲು ಸೂಜಿಯೆಲೆಯ ಮರದ ಹಾಗಿದ್ದರೂ ಅದರ ಗುಣ ಬೇರೆ. ಕೊಂಬೆ ಬಳುಕುತ್ತದೆ, ಭಾರ ತಾಳುವುದಿಲ್ಲ. ಹಾಗಾಗಿ ಅದಕ್ಕೆ ಹಗುರವಾದ ಒಡವೆಯೇ ಆಗಬೇಕು. ನಮ್ಮ ಮರ ಚೂರುಪಾರುಗಳಿಂದ ಸಿಂಗಾರಗೊಳ್ಳಲು ಇದೂ ಒಂದು ಕಾರಣ.

ಕ್ರಿಸ್‌ಮಸ್ ಮರದ ಹಳೆಯ ಚರಿತ್ರೆಯನ್ನು ಓದುವಾಗ ನನಗೆ ಅಜ್ಜಿಯ ಡಬ್ಬಿ ಮತ್ತೆ ಮತ್ತೆ ಎದುರಾಗುತ್ತದೆ. 1605ರಲ್ಲಿ ಸ್ಟ್ರಾಸ್‌ಬುರ್ಗ್ ಪಟ್ಟಣದ ಬಗ್ಗೆ ಬರೆದ ಒಬ್ಬ ಪ್ರವಾಸಿ, ಅಲ್ಲಿನ ಜನ ಮನೆಯ ಹಜಾರದಲ್ಲಿ ಫರ್ ಮರ ನಿಲ್ಲಿಸಿ ಅದಕ್ಕೆ ಬಣ್ಣಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಲ್ಲೆಯ ರೊಟ್ಟಿ, ಹೊಳೆಯುವ ತಗಡು, ಸಕ್ಕರೆ ಮಿಠಾಯಿ ಕಟ್ಟುತ್ತಾರೆ ಎಂದು ದಾಖಲಿಸಿದ್ದಾನೆ. ಉಗ್ರಾಣದ ಸೇಬೇ ಕೆಂಪು, ಅಡುಗೆಮನೆಯ ರೊಟ್ಟಿಯೇ ಬಿಳುಪು. ಉಕ್ರೇನಿನಲ್ಲಿ ಒಂದು ಜನಪದ ಕಥೆಯಿದೆ. ಬಡ ವಿಧವೆಯ ಗುಡಿಸಲಿನಲ್ಲಿ ಮರವೇನೋ ಬೆಳೆಯಿತು, ಸಿಂಗರಿಸಲು ಏನೂ ಇರಲಿಲ್ಲ. ರಾತ್ರಿ ಜೇಡಗಳು ಮರದ ತುಂಬ ಬಲೆ ನೇಯ್ದವು; ಬೆಳಗಿನ ಬಿಸಿಲು ಬಿದ್ದಾಗ ಎಳೆ ಎಳೆಯೂ ಬೆಳ್ಳಿಯಾಯಿತು. ಇಂದಿಗೂ ಅಲ್ಲಿನವರು ಮರಕ್ಕೆ ಒಂದು ಪುಟ್ಟ ಜೇಡವನ್ನು ಮಾಡಿ ತೂಗುಹಾಕುತ್ತಾರೆ. ಮನೆಯಲ್ಲಿದ್ದ ಬಲೆಯೇ ಅಲ್ಲಿ ಒಡವೆ.

ಇನ್ನು ಗಾಜಿನ ಗೋಲಿ. ಜರ್ಮನಿಯ ಥುರಿಂಗಿಯಾ ಸೀಮೆಯಲ್ಲಿ ಲೌಶಾ ಎಂಬ ಗುಡ್ಡದ ಊರಿದೆ. 1597ರಿಂದ ಅಲ್ಲಿ ಗಾಜಿನ ಕುಲುಮೆ ಉರಿದಿದೆ. 19ನೇ ಶತಮಾನದ ನಡುವಿನ ಹೊತ್ತಿಗೆ ಅಲ್ಲಿನವರು ಮರಕ್ಕೆ ಕಟ್ಟುವ ಗಾಜಿನ ಗೋಲಿಗಳನ್ನು ಊದತೊಡಗಿದರು. ಸೇಬು, ಅಕ್ರೋಟು ಕೊಳ್ಳಲಾಗದ ಬಡ ಗಾಜುಗಾರನೊಬ್ಬ ತನ್ನ ಮಕ್ಕಳಿಗಾಗಿ ಗಾಜಿನಲ್ಲೇ ಹಣ್ಣು ಊದಿಕೊಟ್ಟ ಎಂಬ ಕಥೆ ಆ ಊರಲ್ಲಿ ಪ್ರಚಲಿತ. ಆ ಕೆಲಸವಂತೂ ಮನೆಮನೆಯಲ್ಲಿ ನಡೆಯುತ್ತಿತ್ತು. ಗಂಡಸರು ದೀಪದ ಉರಿಯಲ್ಲಿ ಗಾಜಿನ ಕೊಳವೆ ಕಾಯಿಸಿ ಊದುವುದು, ಹೆಂಗಸರು ಗೋಲಿಯ ಒಳಗೆ ಬೆಳ್ಳಿಯ ದ್ರಾವಣ ಕುಲುಕುವುದು, ಮಕ್ಕಳು ಬಣ್ಣ ಹಚ್ಚುವುದು, ಟೊಪ್ಪಿ ಸಿಕ್ಕಿಸುವುದು. ಆಮೇಲೆ ಹೆಂಗಸರು ಅವನ್ನು ಬುಟ್ಟಿಯಲ್ಲಿ ಹೊತ್ತು ಸೊನ್ನೆಬೆರ್ಗ್ ಪೇಟೆಗೆ ನಡೆಯುತ್ತಿದ್ದರು. 1867ರಲ್ಲಿ ಊರಿಗೆ ಗ್ಯಾಸ್ ಬಂದ ಮೇಲೆ ಹದವಾದ ಬಿಸಿ ಉರಿ ಸಿಕ್ಕಿ, ಗೋಲಿಗಳು ಇನ್ನೂ ದೊಡ್ಡದಾಗಿ, ಇನ್ನೂ ತೆಳ್ಳಗಾಗಿ ಬಂದವು. ಲೌಶಾದ ದೀಪದ ಮುಂದೆ ಗಾಜು ಮೆತ್ತಗಾಗುವ ಹದಕ್ಕೆ ಕಾದು ಕುಳಿತವರನ್ನು ನೆನೆದಾಗ, ಮಂಗಳೂರಿನ ಅಡುಗೆಮನೆಯಲ್ಲಿ ಚಿಮಿಣಿಯ ಮುಂದೆ ಉಸಿರು ಬಿಗಿಹಿಡಿದಿದ್ದ ಅಜ್ಜಿಯ ಮುಖ ಕಾಣುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಗಾಜು ಇಬ್ಬರಿಗೂ ಒಂದೇ ಪಾಠ ಹೇಳಿಕೊಟ್ಟಿತ್ತು.

ಲೌಶಾದ ಗೋಲಿಯ ಬಣ್ಣ ಯಾಕೆ ಅಷ್ಟು ಗಾಢ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮನೆಯಲ್ಲಿ ನಾವು ಮಾಡುವ ಕೆಲಸಕ್ಕೆಲ್ಲ ಅದೇ ಕೀಲಿಕೈ. ಗೋಲಿಯ ಒಳಮೈಗೆ ಬೆಳ್ಳಿಯ ಪದರ, ಹೊರಮೈಗೆ ಪಾರದರ್ಶಕವಾದ ಬಣ್ಣದ ಅರಗು. ಬೆಳಕು ಬಣ್ಣದ ಮೂಲಕ ಒಳಗೆ ಹೋಗುತ್ತದೆ, ಬೆಳ್ಳಿಗೆ ತಾಗಿ ಮರಳಿ ಅದೇ ಬಣ್ಣದ ಮೂಲಕ ಹೊರಗೆ ಬರುತ್ತದೆ. ಒಂದೇ ಬಣ್ಣವನ್ನು ಎರಡು ಸಲ ಹಾದು ಬಂದ ಬೆಳಕು ಅದು. ಅದಕ್ಕೇ ಆ ಕೆಂಪು ಮೇಲ್ಮೈಯಲ್ಲಿ ಕೂತ ಹಾಗೆ ಕಾಣದೆ, ಬಾವಿಯ ಆಳದಿಂದ ಎದ್ದು ಬಂದ ಹಾಗೆ ಕಾಣುತ್ತದೆ. ಬರೀ ಪೇಂಟು ಬಳಿದ ಪ್ಲಾಸ್ಟಿಕ್ ಚೆಂಡಿಗೆ ಈ ಆಳ ಬರುವುದಿಲ್ಲ.

ಬಣ್ಣದ ಹಿಂದೆ ಬೆಳ್ಳಿ. ಇಷ್ಟು ತಿಳಿದರೆ ಮನೆಯ ಹಳೆ ಸಾಮಾನು ಬೇರೆಯೇ ಆಗಿ ಕಾಣತೊಡಗುತ್ತದೆ. ಔಷಧಿಯ ಕಂದು ಸೀಸೆಯೊಳಗೆ ಚಹಾ ಪೊಟ್ಟಣದ ಬೆಳ್ಳಿ ಕಾಗದವನ್ನು ಮುದುರಿ ತುಂಬಿ ನೋಡಿ. ಸೀಸೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಮಿಠಾಯಿಗೆ ಸುತ್ತಿದ ಕೆಂಪು, ನೀಲಿ ಗಾಜುಕಾಗದವನ್ನು ಬೆಳ್ಳಿ ಕಾಗದದ ಮೇಲಿಟ್ಟು, ಹಳೆ ಮದುವೆ ಕಾಗದದಿಂದ ಕತ್ತರಿಸಿದ ನಕ್ಷತ್ರಕ್ಕೆ ಅಂಟಿಸಿದರೆ ಅದೊಂದು ಮಾಣಿಕ್ಯ. ದೀಪಾವಳಿಯಲ್ಲಿ ಕಟ್ಟಿದ ಗೂಡುದೀಪದ ಬಿದಿರಿನ ಕಡ್ಡಿ ನಮ್ಮಲ್ಲಿ ಹಾಳಾಗುವುದಿಲ್ಲ. ಅದೇ ಕಡ್ಡಿ, ಅದೇ ಉಳಿದ ಬಣ್ಣದ ಕಾಗದ, ಒಂದು ತಿಂಗಳು ಕಳೆಯುವಷ್ಟರಲ್ಲಿ ಮರದ ತುದಿಯ ನಕ್ಷತ್ರವಾಗುತ್ತದೆ.

ಬಳೆಯ ಚೂರುಗಳಾದ ಮೇಲೆ ಎರಡನೆಯ ಐಶ್ವರ್ಯ ಪಟ್ಟೆ ಸೀರೆ, ಎಂದರೆ ರೇಷ್ಮೆ ಸೀರೆ. ಅಮ್ಮನ ಮದುವೆಯ ಸೀರೆ ಮಡಿಕೆ ಮಡಿಕೆಯಲ್ಲೂ ಬಿರಿದು ಹೋಗಿತ್ತು. ಒಡಲು ಹರಿದರೂ ಅಂಚು ಗಟ್ಟಿಯಾಗಿತ್ತು. ಹಳೆ ರೇಷ್ಮೆ ಸೀರೆ ಕೊಳ್ಳುವವರು ಬೀದಿಯಲ್ಲಿ ಕೂಗುತ್ತಾ ಬಂದಾಗ ಜರಿಯ ಬೆಳ್ಳಿಗೆ ಒಳ್ಳೆಯ ಹಣವೇ ಸಿಗುತ್ತಿತ್ತು. ಅಮ್ಮ ಕೊಡಲಿಲ್ಲ. ಅಂಚನ್ನು ಮಾತ್ರ ಬಿಡಿಸಿ, ಎರಡು ಬೆರಳಗಲದ ಪಟ್ಟಿ ಮಾಡಿ, ಮರದ ಕೊಂಬೆಗಳಿಗೆ ಗಂಟು ಕಟ್ಟಿದರು. ಒಡಲಿನ ದಾರದಿಂದ ಕುಚ್ಚು ಹೆಣೆದರು. ಅಸಲಿ ಜರಿಯ ನಡುವೆ ಕೆಂಪು ಬಣ್ಣ ಹಾಕಿದ ರೇಷ್ಮೆ ಎಳೆಯಿರುತ್ತದೆ. ಅದರ ಮೇಲೆ ಬೆಳ್ಳಿಯ ಚಪ್ಪಟೆ ತಂತಿ ಸುತ್ತಿ, ಅದಕ್ಕೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಹೊಸ ಜರಿ ಬರೀ ಚಿನ್ನವನ್ನು ತೋರಿಸುತ್ತದೆ. ಐವತ್ತು ವರ್ಷ ಉಟ್ಟು, ಮಡಿಸಿ, ಬಿಸಿಲಿಗೆ ಹಾಕಿ ಸವೆದ ಜರಿಯಲ್ಲಿ ಒಳಗಿನ ಕೆಂಪು ಇಣುಕುತ್ತದೆ. ಆ ಸವೆದ ಹೊನ್ನಿನ ಬಣ್ಣವನ್ನು ನಾನು ಯಾವ ಅಂಗಡಿಯ ರಿಬ್ಬನ್ನಿನಲ್ಲೂ ಕಂಡಿಲ್ಲ. ದೀಪದ ಬೆಳಕಿನಲ್ಲಿ ಅದು ಒಲೆಯ ಬೂದಿಯೊಳಗಿನ ಕೆಂಡದ ಹಾಗೆ ಉಸಿರಾಡುತ್ತದೆ.

ನಮ್ಮ ಮನೆಯಲ್ಲಿ ಗಾಜಿನ ಗೋಲಿಗಳೂ ಹನ್ನೆರಡು ಇದ್ದವು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ದೊಡ್ಡಪ್ಪ ತಂದದ್ದು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಅಟ್ಟದಿಂದ ಪೆಟ್ಟಿಗೆ ಇಳಿಸುತ್ತಾ ಕೈ ಜಾರಿತು. ಒಂಬತ್ತು ಗೋಲಿ ಪುಡಿಯಾದವು. ಆ ಸದ್ದು ಬಹಳ ಸಣ್ಣದು, ಒಣಗಿದ ಎಲೆ ತುಳಿದ ಹಾಗೆ. ನಾನು ಅಳುತ್ತಾ ಕೂತಿದ್ದೆ. ಅಜ್ಜಿ ಬಂದು ನೋಡಿದರು. ‘ಅಳ್ಬೇಡ ಮಗಾ, ಹೆಚ್ಚಿದ್ದು ಅಷ್ಟೇ’ ಎಂದರು. ಮರದ ಕೆಳಗೆ ಚಾಪೆ ಹಾಸಿ, ಪುಡಿಯ ನಡುವಿನಿಂದ ಒಂಬತ್ತು ಲೋಹದ ಟೊಪ್ಪಿಗಳನ್ನೂ ಅವುಗಳ ತಂತಿಯ ಕೊಕ್ಕೆಗಳನ್ನೂ ಆರಿಸಿದರು. ಮಾರನೆಯ ದಿನ ನಮ್ಮನ್ನು ಕಡಲ ಬದಿಗೆ ಕರೆದುಕೊಂಡು ಹೋಗಿ ಹೊನ್ನೆಕಾಯಿ ಹೆಕ್ಕಿಸಿದರು. ಗುಂಡನೆಯ, ಹಗುರವಾದ, ನಯವಾದ ಆ ಒಣಕಾಯಿಗಳಿಗೆ ಬದನೆ ಬಣ್ಣ, ದಾಳಿಂಬೆ ಬಣ್ಣ ಹಚ್ಚಿ, ತಲೆಗೆ ಒಂದು ತೂತು ಕೊರೆದು, ಗೋಲಿಯ ಟೊಪ್ಪಿ ಸಿಕ್ಕಿಸಿದೆವು. ಆ ಒಂಬತ್ತು ಕಾಯಿಗಳಲ್ಲಿ ಆರು ಇಂದಿಗೂ ನನ್ನ ಪೆಟ್ಟಿಗೆಯಲ್ಲಿವೆ.

ದೊಡ್ಡವಳಾದ ಮೇಲೆ ಒಂದು ಸಂಗತಿ ಓದಿದೆ. ಎರಡನೆಯ ಮಹಾಯುದ್ಧ ಶುರುವಾದಾಗ ಅಮೆರಿಕಕ್ಕೆ ಜರ್ಮನಿಯ ಗೋಲಿಗಳು ಬರುವುದು ನಿಂತುಹೋಯಿತು. ಆಗ ಪೆನ್ಸಿಲ್ವೇನಿಯಾದ ವೆಲ್ಸ್‌ಬರೋ ಎಂಬಲ್ಲಿ ಕಾರ್ನಿಂಗ್ ಕಂಪನಿ, ವಿದ್ಯುತ್ ಬಲ್ಬಿನ ಬುರುಡೆ ಮಾಡುವ ಯಂತ್ರದಲ್ಲೇ ಕ್ರಿಸ್‌ಮಸ್ ಗೋಲಿಗಳನ್ನು ತೆಗೆಯಿತು. ಯುದ್ಧ ಮುಂದುವರಿದಂತೆ ಬೆಳ್ಳಿಗೆ ಬರ ಬಂತು. ಬೆಳ್ಳಿಯಿಲ್ಲದ ತಿಳಿಗಾಜಿನ ಮೇಲೆ ತೆಳುವಾದ ಬಣ್ಣದ ಗೆರೆಗಳನ್ನು ಎಳೆದರು. ಲೋಹದ ಟೊಪ್ಪಿಯ ಬದಲು ರಟ್ಟಿನ ಟೊಪ್ಪಿ ಹಾಕಿದರು. ಇಂದು ಆ ರಟ್ಟಿನ ಟೊಪ್ಪಿಯ ಗೋಲಿಗಳನ್ನೇ ಜನ ಅಕ್ಕರೆಯಿಂದ ಹುಡುಕಿ ಕೂಡಿಡುತ್ತಾರೆ. ಅದನ್ನು ಓದಿದಾಗ ನಮ್ಮ ಹೊನ್ನೆಕಾಯಿಗಳಿಗೆ ದೂರದ ನೆಂಟರು ಸಿಕ್ಕಿದಂತಾಯಿತು.

ಈಗ ಮರವನ್ನು ಸಿಂಗರಿಸುವ ಕ್ರಮಕ್ಕೆ ಬರುತ್ತೇನೆ. ಹಳೆಯ ವಸ್ತುಗಳನ್ನು ಸಿಕ್ಕಸಿಕ್ಕಲ್ಲಿ ನೇತುಹಾಕಿದರೆ ಅದು ಗುಜರಿಯ ಹಾಗೆ ಕಾಣುತ್ತದೆ. ಅವನ್ನು ಒಂದು ಮರವಾಗಿ ಕೂಡಿಸುವುದು ಬಣ್ಣದ ಶಿಸ್ತು. ನಾವು ನಾಲ್ಕೇ ಬಣ್ಣ ಇಟ್ಟುಕೊಳ್ಳುತ್ತೇವೆ: ದಾಳಿಂಬೆ ಕೆಂಪು, ನೇರಳೆ, ನವಿಲು ಕೊರಳಿನ ನೀಲಿ, ಸವೆದ ಹೊನ್ನು. ಹಸಿರನ್ನು ಮರವೇ ಕೊಡುತ್ತದೆ. ಕೆಂಪನ್ನು ಹಸಿರಿನ ಮೇಲಿಟ್ಟಾಗ ಎರಡೂ ಹುರುಪಾಗುವುದನ್ನು ನಮ್ಮ ಸೀರೆ ನೇಯುವವರು ಎಂದಿನಿಂದಲೋ ಬಲ್ಲರು. ಹಸಿರು ಒಡಲಿಗೆ ಕೆಂಪು ಅಂಚು ಹಾಕುವುದು ಅದಕ್ಕೇ. ಬಿಳಿಯನ್ನು ಮಾತ್ರ ನಾವು ಮರದಿಂದ ದೂರ ಇಡುತ್ತೇವೆ. ಕಡುಬಣ್ಣಗಳ ನಡುವೆ ಒಂದು ಬಿಳಿ ಚುಕ್ಕೆ ಬಂದರೂ ಕಣ್ಣು ಅಲ್ಲಿಗೇ ಓಡುತ್ತದೆ, ಉಳಿದ ಬಣ್ಣಗಳು ಮಂಕಾಗುತ್ತವೆ. ಈ ನಾಲ್ಕಕ್ಕೆ ಹೊಂದದ ವಸ್ತುವನ್ನು ಬಿಸಾಡುವುದಿಲ್ಲ. ಮುಂದಿನ ವರ್ಷಕ್ಕೆ ಎತ್ತಿಡುತ್ತೇವೆ ಅಥವಾ ಅದಕ್ಕೆ ಹೊಂದುವ ಬಣ್ಣ ಹಚ್ಚುತ್ತೇವೆ.

ಮೊದಲು ದೀಪದ ಸರ. ಅದನ್ನು ಮರದ ಹೊರಮೈಗೆ ಸುತ್ತದೆ, ಬುಡದಿಂದ ಕಾಂಡದ ಬಳಿಯಲ್ಲೇ ಏರಿಸುತ್ತಾ ಹೋಗಬೇಕು. ಬೆಳಕು ಒಳಗಿನಿಂದ ಬಂದರೆ ಗಾಜು ಜೀವ ತಾಳುತ್ತದೆ. ಹಳದಿ ಛಾಯೆಯ ದೀಪವೇ ಒಳ್ಳೆಯದು. ನೀಲಿ ಬೆರೆತ ಬಿಳಿ ಬೆಳಕಿನಲ್ಲಿ ಕೆಂಪೂ ಹೊನ್ನೂ ಸತ್ತುಹೋಗುತ್ತವೆ. ಆಮೇಲೆ ಗಾತ್ರದ ವಸ್ತುಗಳು, ಕಡುಬಣ್ಣದವು, ಹೊಳಪಿಲ್ಲದವು. ಬಟ್ಟೆಯ ಉಂಡೆ, ಬಣ್ಣದ ಹೊನ್ನೆಕಾಯಿ, ಚನ್ನಪಟ್ಟಣದ ಅರಗಿನ ಬಣ್ಣದ ಮುರಿದ ಗೊಂಬೆಯ ಚಕ್ರ. ಇವನ್ನು ಕೊಂಬೆಯ ಒಳಗೆ, ನೆರಳಿನಲ್ಲಿ ಇಡುವುದು. ಮರಕ್ಕೆ ಆಳ ಬರುವುದು ಇವುಗಳಿಂದ. ನಡುವಿನ ಪದರಕ್ಕೆ ಗುಂಡಿಯ ಸರ, ಕುಚ್ಚು, ಸೀರೆಯಂಚಿನ ಗಂಟು. ಕೊಂಬೆಯ ತುದಿಗೆ ಹಗುರವಾದ ಮಿನುಗು: ಜುಮಕಿ, ಬಳೆ, ಉಳಿದ ಮೂರು ಗಾಜಿನ ಗೋಲಿ. ಒಡೆಯದ ಹಳೆ ಬಳೆಗಳನ್ನು ಮೂರು ಮೂರಾಗಿ ದಾರದಲ್ಲಿ ಕೋದು ತೂಗಿದರೆ, ಬಾಗಿಲಿನಿಂದ ಗಾಳಿ ಬಂದಾಗಲೆಲ್ಲ ಸಣ್ಣದೊಂದು ಕಿಣಿಕಿಣಿ. ಎಲ್ಲಕ್ಕಿಂತ ಕೊನೆಗೆ ಬಳೆಯ ಸರಪಳಿ. ಅದನ್ನು ಬಿಗಿಯಾಗಿ ಸುತ್ತಬಾರದು, ತೊಟ್ಟಿಲ ಹಾಗೆ ಜೋತು ಬೀಳುವಂತೆ ಬಿಡಬೇಕು.

ಕೆಲವು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಬಳೆ ಬಗ್ಗಿಸುವ ಕೆಲಸ ದೊಡ್ಡವರದು. ಮಕ್ಕಳು ದೂರ ಕೂತು ನೋಡಲಿ. ಕಾದ ಗಾಜು ತಣ್ಣಗಾದ ಹಾಗೆ ಕಂಡರೂ ಬೆರಳು ಸುಡುತ್ತದೆ. ಅದನ್ನು ನೀರಿಗೆ ಅದ್ದಿದರೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಹಳೆ ಬಲ್ಬು ತೂಗಬಹುದು, ಆದರೆ ಟ್ಯೂಬ್‌ಲೈಟು ಮತ್ತು ಸಿಎಫ್‌ಎಲ್ ಬೇಡ, ಅವುಗಳೊಳಗೆ ಪಾದರಸವಿದೆ. ತುಂಬ ಹಳೆಯ ಬೆಳ್ಳಿ ಎಳೆಯ ಝರಝರ ಅಲಂಕಾರ ನಿಮ್ಮ ಮನೆಯಲ್ಲಿದ್ದರೆ ಅದರಲ್ಲಿ ಸೀಸ ಇರಬಹುದು, ಮಕ್ಕಳ ಕೈಗೆ ಕೊಡಬೇಡಿ. ಹಳೆ ಗಾಜಿನ ಗೋಲಿಯನ್ನು ನೀರಿನಿಂದ ತೊಳೆಯಬೇಡಿ, ಬಣ್ಣ ಬಿಟ್ಟುಹೋಗುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಧೂಳು ಒರಸಿದರೆ ಸಾಕು. ಬೆಳ್ಳಿ ಅಲ್ಲಲ್ಲಿ ಕಪ್ಪಾಗಿದ್ದರೆ ಹಾಗೆಯೇ ಇರಲಿ.

ನಮ್ಮ ಮನೆಗೆ ಡಿಸೆಂಬರಿನಲ್ಲಿ ಬರುವವರು ಮರದ ಮುಂದೆ ನಿಂತು ಹುಡುಕುತ್ತಾರೆ. ಬಾಯಮ್ಮನವರು ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಹಿಡಿದು ಬಂದವರು, ತಟ್ಟೆ ಮೇಜಿಗಿಟ್ಟು ಮೊದಲು ಸರಪಳಿಯ ಹತ್ತಿರ ಹೋಗುತ್ತಾರೆ. ಅವರ ಕೆಂಪು ಬಳೆ ಎಷ್ಟನೆಯ ಕೊಂಡಿ ಎಂದು ಅವರಿಗೆ ಗೊತ್ತು. ಎದುರುಮನೆ ಅಕ್ಕನ ಸೀಮಂತದ ಹಸಿರು ಬಳೆಯನ್ನು ತೋರಿಸಿ ನಾನು ಆಕೆಯ ಮಗನಿಗೆ ಹೇಳುತ್ತೇನೆ, ನೀನು ಹುಟ್ಟುವ ಮೊದಲು ಇದು ನಿನ್ನ ಅಮ್ಮನ ಕೈಯಲ್ಲಿತ್ತು ಅಂತ. ಕಾಲೇಜಿಗೆ ಹೋಗುವ ಹುಡುಗ ಅದನ್ನು ಬೆರಳ ತುದಿಯಿಂದ ಮುಟ್ಟಿ ನೋಡುತ್ತಾನೆ. ಆ ಕೈ, ಆ ಹಬ್ಬ, ಆ ಸಂಜೆ ಮರದಲ್ಲಿ ಸೇರಿಕೊಂಡಿವೆ. ಬಣ್ಣಕ್ಕೆ ಗಾಢತೆ ಕೊಡಲು ಗಾಜಿನ ಹಿಂದೆ ಬೆಳ್ಳಿ ಬೇಕು ಎಂದೆನಲ್ಲ, ಈ ಕೊಂಡಿಗಳ ಹಿಂದೆ ಇರುವುದು ಈ ಮನುಷ್ಯರು.

ಜನವರಿ 6ರಂದು, ಶಿಶು ಯೇಸುವನ್ನು ಕಾಣಲು ಬಂದ ಮೂಡಣ ದಿಕ್ಕಿನ ಜೋಯಿಸರ ನೆನಪಿನ ಹಬ್ಬದ ದಿನ, ನಾವು ಮರ ಇಳಿಸುತ್ತೇವೆ. ಗಾಳಿ ಮರದ ಕೊಂಬೆ ತೆಂಗಿನ ಬುಡಕ್ಕೆ ಹೋಗುತ್ತದೆ. ಜರಿಯ ಪಟ್ಟಿಗಳು ಹಳೆ ಹತ್ತಿ ಪಂಚೆಯಲ್ಲಿ ಸುತ್ತಿಕೊಳ್ಳುತ್ತವೆ. ಬಳೆಯ ಸರಪಳಿಯನ್ನು ಇಬ್ಬರು ಎರಡು ತುದಿ ಹಿಡಿದು ಡಬ್ಬಿಗೆ ಇಳಿಸುತ್ತೇವೆ. ಅಜ್ಜಿ ಹೋದ ಮೇಲೆ ಚಿಮಿಣಿಯ ಮುಂದೆ ಅಮ್ಮ ಕೂತರು, ಈಗ ನಾನು ಕೂರುತ್ತೇನೆ. ಅಜ್ಜಿಯ ಕೊಂಡಿಗಳು ಒಂದೇ ಅಳತೆಯವು, ನನ್ನವು ಇನ್ನೂ ಅಂಕುಡೊಂಕು. ಸರಪಳಿ ಹಜಾರದ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುವಷ್ಟು ಉದ್ದವಾಗಿದೆ.

ಈ ವಾರ ಪಾತ್ರೆ ತೊಳೆಯುವಾಗಲೋ ಬಾವಿಯಿಂದ ನೀರು ಸೇದುವಾಗಲೋ ನಿಮ್ಮ ಕೈಯ ಬಳೆ ತಗಲಿದರೆ, ಚೂರುಗಳನ್ನು ಗುಡಿಸಿ ಹೊರಗೆ ಹಾಕುವ ಮೊದಲು ಒಂದು ಕ್ಷಣ ಬೆಳಕಿಗೆ ಹಿಡಿದು ನೋಡಿ. ಒಂದು ಡಬ್ಬಿ ಹುಡುಕಿ. ನಿಮ್ಮದು ಕ್ರಿಸ್‌ಮಸ್ ಮರವಿರಲಿ, ಬಾಗಿಲ ತೋರಣವಿರಲಿ, ಆ ಬಳೆ ನಿಜವಾಗಿಯೂ ಹೆಚ್ಚಲಿ.